ಬಲೂನು ಹಾಕಿದವರು ಆರು ತಿಂಗಳ ನಂತರ ಫೋನ್ ಎತ್ತುತ್ತಾರಾ?

ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆಗಳಿಗೆ ಬರಗಾಲವಿಲ್ಲ. ದೇರಳಕಟ್ಟೆಯಿಂದ ಮುಕ್ಕದವರೆಗೆ ಹೋದರೆ ದಾರಿಯಲ್ಲಿ ಸಿಗುವ ಮೆಡಿಕಲ್ ಕಾಲೇಜುಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಲುವುದಿಲ್ಲ. ಹೃದಯಕ್ಕೆ ಸ್ಟೆಂಟ್, ಕಿಡ್ನಿ ಕಸಿ, ಮಂಡಿ ಬದಲಾವಣೆ ಎಲ್ಲವೂ ಇಲ್ಲೇ ಆಗ್ತದೆ. ಈಗ ಹೊಸ ಮಾತು ಕೇಳಿ ಬರುತ್ತಿದೆ: ಹೊಟ್ಟೆ ಕೊಯ್ಯದೆ, ಬಾಯಿಯ ಮೂಲಕ ಎಂಡೋಸ್ಕೋಪಿ ಕೊಳವೆ ಇಳಿಸಿ ತೂಕ ಇಳಿಸುವ ಚಿಕಿತ್ಸೆ. ಹೈದರಾಬಾದ್, ಮುಂಬೈ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದು ಬಂದು ವರ್ಷಗಳಾದವು. ಗಲ್ಫಿನಲ್ಲಿರುವ ನಮ್ಮವರಿಗಂತೂ ಇದು ಹಳೆಯ ಸುದ್ದಿ. ರಿಯಾದ್‌ನ ವೈದ್ಯರು ಒಂದೇ ಕೇಂದ್ರದಲ್ಲಿ 1000 ಮಂದಿಗೆ ಈ ಚಿಕಿತ್ಸೆ ಮಾಡಿ ಅದರ ಲೆಕ್ಕವನ್ನು 2019ರಲ್ಲೇ ಪ್ರಕಟಿಸಿದ್ದಾರೆ.

ನಾನು ಡಾಕ್ಟರಲ್ಲ, ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವವ. ಆದರೂ ಈ ವಿಷಯ ನನ್ನ ಬಳಿಗೆ ಬರ್ತದೆ. "ಉಸ್ತಾದರೇ, ಹೊಟ್ಟೆಗೆ ಬಲೂನು ಹಾಕಿಸಿದ್ರೆ ಆಗ್ತದಾ? ತಪ್ಪುಂಟಾ?" ಎಂದು ಕೇಳುತ್ತಾರೆ. ಕೇಳುವವರಲ್ಲಿ ಶುಗರ್ ಇರುವ ತಂದೆಯರಿದ್ದಾರೆ, ನಮಾಝಿಗೆ ಕುರ್ಚಿ ಹಿಡಿದ ನಲವತ್ತರ ಹೆಂಗಸರಿದ್ದಾರೆ, ಮಗಳ ಮದುವೆ ಮಾತುಕತೆಯಲ್ಲಿರುವ ತಾಯಂದಿರೂ ಇದ್ದಾರೆ. ನಾನು ಕೊಡುವ ಉತ್ತರ ಒಂದೇ. ನಿಮಗಿರುವುದು ಕಾಯಿಲೆಯಾ ಅಂತ ಮೊದಲು ಡಾಕ್ಟರಲ್ಲಿ ಕೇಳಿ ಬನ್ನಿ. ಕಾಯಿಲೆಗೆ ಚಿಕಿತ್ಸೆ ಮಾಡಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಟ್ಟೆಯ ಮೂರನೇ ಒಂದು ಭಾಗದ ಪಾಠವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ 110 ಕೆಜಿ ತೂಗುವ, ರಾತ್ರಿ ಗೊರಕೆಯಲ್ಲಿ ಉಸಿರು ಕಟ್ಟಿ ಏಳುವ ಮನುಷ್ಯನ ಮುಂದೆ ಆ ಪಾಠ ಒಪ್ಪಿಸಿ "ತಿನ್ನುವುದು ಕಡಿಮೆ ಮಾಡು" ಎಂದರೆ ಅವನಿಗೆ ನಾವು ಏನೂ ಕೊಟ್ಟಂತಾಗುವುದಿಲ್ಲ. ಅವನು ಹತ್ತು ಸಲ ಡಯಟ್ ಮಾಡಿ ಹತ್ತು ಸಲ ಸೋತಿರುತ್ತಾನೆ. ತೂಕ ಇಳಿದಾಗ ಹಸಿವಿನ ಹಾರ್ಮೋನು ಏರ್ತದೆ, ದೇಹ ಹಳೆಯ ತೂಕಕ್ಕೆ ಮರಳಲು ಹಟ ಹಿಡಿಯುತ್ತದೆ. ಬೊಜ್ಜು ಒಂದು ಕಾಯಿಲೆ, ಆಲಸ್ಯದ ಇನ್ನೊಂದು ಹೆಸರಲ್ಲ. ಇದನ್ನು ಒಪ್ಪದವರು ಮುಂದೆ ಓದುವುದರಿಂದ ಪ್ರಯೋಜನವಿಲ್ಲ.

ಇದು ಯಾರೋ ನಾಲ್ಕು ಜನರ ಸಮಸ್ಯೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರರಲ್ಲಿ 30 ಹೆಂಗಸರು, ಸುಮಾರು 31 ಗಂಡಸರು ಅಧಿಕ ತೂಕದವರು. ಇಡೀ ದೇಶದ ಸರಾಸರಿಗಿಂತ ಇದು ಹೆಚ್ಚು.

ಈ ಚಿಕಿತ್ಸೆಗಳಲ್ಲಿ ಮುಖ್ಯವಾದದ್ದು ಎರಡು. ಒಂದು ಬಲೂನು. ಖಾಲಿ ಸಿಲಿಕಾನ್ ಬಲೂನನ್ನು ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿ ಅದರೊಳಗೆ ಅರ್ಧ ಲೀಟರಿನಷ್ಟು ಉಪ್ಪುನೀರು ತುಂಬುತ್ತಾರೆ. ಹೊಟ್ಟೆಯ ಜಾಗವನ್ನು ಬಲೂನು ಹಿಡಿಯುವುದರಿಂದ ಬೇಗ ತುಂಬಿದ ಹಾಗೆ ಆಗ್ತದೆ. ಸಾಮಾನ್ಯ ಬಲೂನಾದರೆ ಆರು ತಿಂಗಳಿಗೆ ತೆಗೆಯಲೇಬೇಕು. ಇನ್ನೊಂದು, ಹೊಟ್ಟೆಯನ್ನು ಒಳಗಿನಿಂದಲೇ ಹೊಲಿಯುವುದು. ಎಂಡೋಸ್ಕೋಪಿ ಕೊಳವೆಯ ತುದಿಯಲ್ಲಿ ಸೂಜಿ-ದಾರದ ಉಪಕರಣ ಕೂರಿಸಿ ಹೊಟ್ಟೆಯ ಹೊರಬದಿಯ ಗೋಡೆಯನ್ನು ಮಡಿಚಿ ಹೊಲಿಗೆ ಹಾಕುತ್ತಾರೆ. ಚೀಲದಂತಿದ್ದ ಹೊಟ್ಟೆ ಬಾಳೆಹಣ್ಣಿನಂತೆ ಕೊಳವೆಯಾಗುತ್ತದೆ. ಕತ್ತರಿಸಿ ತೆಗೆಯುವುದು ಏನೂ ಇಲ್ಲ. ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗ್ತಾರೆ.

ಇದು ಕೆಲಸ ಮಾಡ್ತದಾ? ಮಾಡ್ತದೆ. ಅಮೆರಿಕದ 9 ಕೇಂದ್ರಗಳಲ್ಲಿ 209 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೊಲಿಗೆ ಹಾಕಿಸಿಕೊಂಡವರು ಒಂದು ವರ್ಷದಲ್ಲಿ ತಮ್ಮ ತೂಕದ ಸರಾಸರಿ ಶೇ. 13.6 ಕಳಕೊಂಡರು, ಆಹಾರ-ವ್ಯಾಯಾಮದ ಸಲಹೆ ಮಾತ್ರ ಪಡೆದವರು ಶೇ. 0.8. ಅದೇ ವರ್ಷ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಎಫ್‌ಡಿಎ ಈ ಹೊಲಿಗೆ ಉಪಕರಣಕ್ಕೆ ಅನುಮತಿ ಕೊಟ್ಟಿತು. 100 ಕೆಜಿ ಇದ್ದವರು 86 ಕೆಜಿಗೆ ಬಂದರೆ ಬಿಪಿ, ಶುಗರ್, ಮಂಡಿನೋವಿನಲ್ಲಿ ವ್ಯತ್ಯಾಸ ಗೊತ್ತಾಗದೆ ಇರುವುದಿಲ್ಲ. ಹೊಟ್ಟೆಯ ದೊಡ್ಡ ಭಾಗ ಕತ್ತರಿಸುವ ಸರ್ಜರಿಯಲ್ಲಿ ಇದಕ್ಕಿಂತ ತುಂಬಾ ಹೆಚ್ಚು ತೂಕ ಇಳೀತದೆ ಎನ್ನುವುದೂ ನಿಜ. ಹಾಗಾಗಿ ಇದು ಸರ್ಜರಿಗೆ ಬದಲಿ ಎಂದು ಮಾರಬಾರದು. ಸರ್ಜರಿಯಷ್ಟು ತೂಕ ಇಲ್ಲದವರಿಗೆ, ಸರ್ಜರಿ ಬೇಡ ಎನ್ನುವವರಿಗೆ ಮಧ್ಯದ ಒಂದು ದಾರಿ.

ಅದಕ್ಕೇ ಹೇಳ್ತೇನೆ, ಇಂಥ ವಿಭಾಗ ನಮ್ಮಲ್ಲೂ ಬರಲಿ. ಆದರೆ ಬರುವುದು ಏನು? ಉಪಕರಣವಾ, ವಿಭಾಗವಾ? ನನ್ನ ತಕರಾರು ಇರುವುದು ಅಲ್ಲಿ.

ಉಪಕರಣ ತರುವುದು ಸುಲಭ. ಎಂಡೋಸ್ಕೋಪಿ ಕೋಣೆ ಈಗಾಗಲೇ ಉಂಟು, ಹೊಟ್ಟೆಯ ತಜ್ಞರು ಉಂಟು, ಅವರನ್ನು ತರಬೇತಿಗೆ ಕಳಿಸಿ ಬಂದ ಮೇಲೆ ಪಂಪ್‌ವೆಲ್ ಸರ್ಕಲಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿದರೆ ಆಯಿತು. "ಶಸ್ತ್ರಚಿಕಿತ್ಸೆ ಇಲ್ಲ, ಗಾಯ ಇಲ್ಲ, ಒಂದೇ ದಿನ." ಈ "ಇಲ್ಲ" ಎಂಬ ಪದದ ಮೇಲೆ ನನಗೆ ಅನುಮಾನ. ಹೊರಗೆ ಗಾಯ ಇಲ್ಲ ಎಂದರೆ ಒಳಗೆ ಏನೂ ಆಗಿಲ್ಲ ಎಂದಲ್ಲ. ಹೊಲಿಗೆಗೆ ಪೂರ್ತಿ ಅನಸ್ತೇಶಿಯಾ ಬೇಕು. ರಿಯಾದ್‌ನ ಆ 1000 ಮಂದಿಯಲ್ಲಿ 924 ಮಂದಿಗೆ ಮೊದಲ ವಾರ ವಾಕರಿಕೆ ಅಥವಾ ಹೊಟ್ಟೆನೋವು ಇತ್ತು, 24 ಮಂದಿ ಮತ್ತೆ ಆಸ್ಪತ್ರೆಗೆ ದಾಖಲಾದರು, ತಡೆಯಲಾಗದ ನೋವಿಗೆ 3 ಮಂದಿಯ ಹೊಲಿಗೆ ಬಿಚ್ಚಬೇಕಾಯಿತು. ಯಾರೂ ಸಾಯಲಿಲ್ಲ. ಅನುಭವಸ್ಥರ ಕೈಯಲ್ಲಿ ಇದು ಒಳ್ಳೆಯ ಲೆಕ್ಕವೇ. ಆದರೆ ಆ 24 ಮಂದಿಗೆ ಮಧ್ಯರಾತ್ರಿ ಹೋಗಲು ಒಂದು ಬಾಗಿಲು ಇತ್ತು ಎಂಬುದನ್ನು ಮರೆಯಬಾರದು. ಬಲೂನಿನ ಬಗ್ಗೆಯೂ ಹಾಗೇ. 2017ರ ಆಗಸ್ಟಿನಲ್ಲಿ ಎಫ್‌ಡಿಎ, ಬಲೂನು ಹಾಕಿಸಿದ ಬಳಿಕ ಐವರು ಮೃತಪಟ್ಟ ವರದಿ ಬಂದಿದೆ ಎಂದು ವೈದ್ಯರಿಗೆ ಎಚ್ಚರಿಕೆ ಪತ್ರ ಬರೆಯಿತು. ಸಾವಿಗೆ ಬಲೂನೇ ಕಾರಣ ಎಂದು ಅದು ಹೇಳಲಿಲ್ಲ. ರೋಗಿಯ ಮೇಲೆ ಕಣ್ಣಿಡಿ ಎಂದಿತು.

ಕಣ್ಣಿಡುವುದು ಯಾರು? ನಮ್ಮ ಸಮುದಾಯದ ವಿಶೇಷ ಸಮಸ್ಯೆ ಇಲ್ಲೇ ಇರುವುದು.

ನಮ್ಮಲ್ಲಿ ಅರ್ಧಕ್ಕರ್ಧ ಮನೆಗಳ ಗಂಡಸರು ಕಡಲಾಚೆ. ಅವರಿಗೆ ಊರಿಗೆ ಬರುವುದೆಂದರೆ 30 ದಿನ, ಜಾಸ್ತಿಯೆಂದರೆ 45 ದಿನದ ರಜೆ. ಆ ರಜೆಯಲ್ಲೇ ಮನೆಯ ರಿಪೇರಿ, ತಂಗಿಯ ಮದುವೆ, ಹಲ್ಲಿನ ಕೆಲಸ, ಕಣ್ಣಿನ ಕೆಲಸ ಎಲ್ಲ ಮುಗಿಯಬೇಕು. ಇದರ ಸಾಲಿಗೆ ಬಲೂನೂ ಸೇರ್ತದೆ, ನೋಡ್ತಾ ಇರಿ. ಬಂದ ಮೂರನೇ ದಿನ ಹಾಕಿಸುವುದು, ವಾರವಿಡೀ ವಾಂತಿ ಮಾಡುವುದು, ಸ್ವಲ್ಪ ಸುಧಾರಿಸಿದ ಕೂಡಲೇ ವಿಮಾನ ಹತ್ತುವುದು. ಆರು ತಿಂಗಳಿಗೆ ತೆಗೆಯಬೇಕು ಎಂದು ಡಾಕ್ಟರು ಹೇಳಿರುತ್ತಾರೆ. ಆರನೇ ತಿಂಗಳಲ್ಲಿ ರಜೆ ಯಾರು ಕೊಡ್ತಾರೆ? ಕಫೀಲ್ ಕೊಡ್ತಾನಾ? ಅಲ್ಲಿಯೇ ತೆಗೆಸೋಣ ಎಂದರೆ ಕಂಪೆನಿಯ ಇನ್ಶೂರೆನ್ಸ್ ಅದಕ್ಕೆ ಒಪ್ಪಬೇಕಲ್ಲ. ಹೀಗೆ ಆರು ತಿಂಗಳಿಗೆಂದು ಮಾಡಿದ ಬಲೂನು ಹೊಟ್ಟೆಯ ಆಮ್ಲದಲ್ಲಿ ಹತ್ತು ಹನ್ನೆರಡು ತಿಂಗಳು ಕೂತರೆ ಅದು ಸೋರಬಹುದು, ಸೋರಿ ಕರುಳಿಗೆ ಇಳಿದು ಸಿಕ್ಕಿಹಾಕಿಕೊಳ್ಳಬಹುದು. ಆಗ ಹೊಟ್ಟೆ ಕೊಯ್ಯದೆ ಬೇರೆ ದಾರಿಯಿಲ್ಲ. ಕೊಯ್ಯದ ಚಿಕಿತ್ಸೆ ಕೊಯ್ಯುವಲ್ಲಿಗೆ ಬಂದು ನಿಲ್ಲುವುದು ಹೀಗೆ.

ಬಲೂನಿನ ನೀರಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಸೋರಿದರೆ ಮೂತ್ರ ನೀಲಿ-ಹಸಿರು ಬಣ್ಣಕ್ಕೆ ತಿರುಗುತ್ತದೆ, ಅದೇ ಎಚ್ಚರಿಕೆ ಗಂಟೆ. ಎಷ್ಟು ಒಳ್ಳೆಯ ಉಪಾಯ! ಆದರೆ ಇದನ್ನು ರೋಗಿಗೆ ಅವನ ಭಾಷೆಯಲ್ಲಿ ಹೇಳಿರಬೇಕು. ಎಂಟು ಪುಟದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡು "ಎಲ್ಲ ಅದರಲ್ಲಿ ಬರೆದಿದೆ" ಎಂದರೆ ನಮ್ಮ ಮರಿಯಮ್ಮದಾಗೆ ಗೊತ್ತಾಗುವುದು ಹೇಗೆ? ಕನ್ನಡದಲ್ಲಿ ಬರೆಯಿರಿ, ಬ್ಯಾರಿಯಲ್ಲಿ, ತುಳುವಿನಲ್ಲಿ ಬಾಯಲ್ಲಿ ಹೇಳಿ. ನಮ್ಮ ಮಕ್ಕಳೇ ಎಷ್ಟೋ ಮಂದಿ ನರ್ಸಿಂಗ್, ಫಿಸಿಯೋ, ಡಯಟೆಟಿಕ್ಸ್ ಕಲಿತು ಕೂತಿದ್ದಾರೆ, ಅವರಿಗೆ ಕೆಲಸ ಕೊಡಿ. ಕಿಸೆಯಲ್ಲಿಡುವಂಥ ಒಂದು ಕಾರ್ಡು ಕೊಡಿ: ಯಾವ ಬಲೂನು, ಹಾಕಿದ್ದು ಯಾವಾಗ, ತೆಗೆಯುವ ಕೊನೆಯ ದಿನ ಯಾವುದು, ಫೋನ್ ನಂಬರ್ ಯಾವುದು. ಗಲ್ಫಿಗೆ ಹೋಗುವವನಾದರೆ ಅದು ಇಂಗ್ಲಿಷಿನಲ್ಲೂ ಅರಬಿಯಲ್ಲೂ ಇರಲಿ. ವಾಪಸು ಬರುವ ಟಿಕೆಟಿನ ತಾರೀಕು ತೋರಿಸದವರಿಗೆ ಬಲೂನು ಹಾಕುವುದಿಲ್ಲ ಎಂದು ಒಂದು ಆಸ್ಪತ್ರೆ ನಿಯಮ ಮಾಡಿದರೆ ನಾನು ಮೊದಲು ಅದನ್ನು ಹೊಗಳುತ್ತೇನೆ. ಗಿರಾಕಿ ಕಡಿಮೆಯಾದಾರು, ಆಗಲಿ.

ಇನ್ನು ಊಟದ ವಿಷಯ. ಸೂಜಿ ಹಿಡಿಯುವವರಷ್ಟೇ ಡಯಟೀಶಿಯನ್ ಕೂಡಾ ಮುಖ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಲಿಗೆ ಹಾಕಿದ ಮೇಲೆ ಮೊದಲ ಕೆಲವು ವಾರ ಬರೀ ದ್ರವ, ಆಮೇಲೆ ಮೆತ್ತಗಿನದ್ದು, ಮತ್ತೆ ನಿಧಾನಕ್ಕೆ ಗಟ್ಟಿ ಆಹಾರ. ತೂಕ ಇಳಿಯುವಾಗ ಸ್ನಾಯು ಕರಗದಿರಲು ದಿನಕ್ಕೆ 60 ಗ್ರಾಮಿನಷ್ಟಾದರೂ ಪ್ರೋಟೀನ್ ಬೇಕು. ಇದಕ್ಕೆ ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಡ್ತಾರೆ, ಅದರಲ್ಲಿ ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ, ಗ್ರೀಕ್ ಯೋಗರ್ಟ್ ಇರ್ತದೆ. ಉಪ್ಪಿನಂಗಡಿಯ ಅಂಗಡಿಯಲ್ಲಿ ಗ್ರೀಕ್ ಯೋಗರ್ಟ್ ಎಲ್ಲಿಂದ ತರುವುದು ಮಾರಾಯ್ರೇ? ನಮ್ಮಲ್ಲಿ ಬಂಗುಡೆ ಉಂಟು, ಬೂತಾಯಿ ಉಂಟು. 100 ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಸಿಗ್ತದೆ. ಹುರಿಯದೆ ಸಾರು ಮಾಡಿದರೆ ಇದಕ್ಕಿಂತ ಒಳ್ಳೆಯ ಔಷಧ ಎಲ್ಲಿದೆ? ಗಂಜಿ ತಿಳಿ, ಮಜ್ಜಿಗೆ, ಬೇಯಿಸಿದ ಮೊಟ್ಟೆ, ಹೆಸರುಬೇಳೆ, ಪಟ್ಟಿಯನ್ನು ನಮ್ಮ ಅಡುಗೆಮನೆಯಿಂದಲೇ ಬರೆಯಬಹುದು. ಬರೆಯುವವರಿಗೆ ನಮ್ಮ ಅಡುಗೆಮನೆ ಗೊತ್ತಿರಬೇಕು ಅಷ್ಟೆ. ಬೆಳಗ್ಗಿನ ಪತ್ತಿರ್ ಎಷ್ಟು, ತೆಂಗಿನ ಹಾಲು ಎಷ್ಟು, ಸಂಜೆ ಚಾಯ ಜೊತೆಗಿನ ಕಡಿ ಏನು, ನೈಚೋರಿಗೆ ತುಪ್ಪ ಎಷ್ಟು ಬೀಳ್ತದೆ ಎಂದು ಕೇಳದೆ ಬರೆದ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ಮಾತ್ರ ಸರಿ.

ಹೊಲಿದ ಹೊಟ್ಟೆಗೆ ಒಂದು ಗುಟ್ಟಿನ ದಾರಿಯಿದೆ. ಗಟ್ಟಿ ಆಹಾರ ನಿಲ್ಲುತ್ತದೆ, ದ್ರವ ನಿಲ್ಲುವುದಿಲ್ಲ. ಮೂರು ಚಮಚ ಸಕ್ಕರೆಯ ಸುಲೈಮಾನಿ, ಶರಬತ್ತು, ಕೋಲಾ, ಕರಗಿದ ಐಸ್‌ಕ್ರೀಂ ಎಲ್ಲ ಸರಾಗವಾಗಿ ಇಳಿದು ಹೋಗುತ್ತವೆ. ಲಕ್ಷ ದಾಟುವ ಖರ್ಚು ಮಾಡಿ ಸಿಹಿ ಚಹಾದಲ್ಲಿ ಸೋಲುವವರು ಇದ್ದಾರೆ. ಹಾಗಾಗಿ ಡಯಟೀಶಿಯನ್ ಮುಂದೆ ರೋಗಿಯೊಬ್ಬನೇ ಕೂತರೆ ಸಾಲದು, ಮನೆಯಲ್ಲಿ ಅಡುಗೆ ಮಾಡುವವರೂ ಕೂರಬೇಕು. ಮುಖ್ಯವಾಗಿ ಅತ್ತೆ. ನಮ್ಮ ಮನೆಗಳಲ್ಲಿ ಬಡಿಸುವ ಸೌಟು ಯಾರ ಕೈಯಲ್ಲಿ ಉಂಟೋ ಅವರೇ ನಿಜವಾದ ಡಯಟೀಶಿಯನ್. ಮದುವೆ ಮನೆಯಲ್ಲಿ "ಇಷ್ಟೇಯಾ? ನಮ್ಮ ಬಿರಿಯಾನಿ ಸೇರಲಿಲ್ವಾ?" ಎಂದು ಮುನಿಸಿಕೊಳ್ಳುವ ಪದ್ಧತಿಯನ್ನು ಸಮುದಾಯವೇ ಬಿಡಬೇಕು. ಅದಕ್ಕೆ ಆಸ್ಪತ್ರೆಯಲ್ಲಿ ಮದ್ದಿಲ್ಲ.

ರಂಝಾನ್ ಬಗ್ಗೆ ಕೂಡಾ ಮೊದಲೇ ಯೋಚಿಸಬೇಕು. ಬಲೂನು ಅಥವಾ ಹೊಲಿಗೆ ಆದ ಹೊಸತರಲ್ಲಿ ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ಇರಬೇಕು. ಚಿಕ್ಕದಾದ ಹೊಟ್ಟೆಗೆ ಸಹರಿಯ ಹೊತ್ತಿನಲ್ಲಿ ಎರಡು ತಂಬಿಗೆ ನೀರು ಒಟ್ಟಿಗೆ ಹಿಡಿಯುವುದಿಲ್ಲ. ಅಂಥವರು ಉಪವಾಸ ಹಿಡಿದರೆ ನೀರಡಿಕೆಯಿಂದ ಕಿಡ್ನಿಗೇ ತೊಂದರೆ ಬರಬಹುದು. ಶುಗರ್ ಇರುವವರ ಕಥೆ ಇನ್ನೂ ಸೂಕ್ಷ್ಮ. ತಿನ್ನುವುದು ಅರ್ಧಕ್ಕಿಳಿದಾಗ ಇನ್ಸುಲಿನ್ ಹಳೆಯ ಲೆಕ್ಕದಲ್ಲೇ ಹೋದರೆ ಶುಗರ್ ತೀರಾ ಇಳಿದು ಪ್ರಜ್ಞೆ ತಪ್ಪಬಹುದು. ರೋಗಿಗಳಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಹಿಡಿಯುವ ಸವಲತ್ತು ಕುರ್‌ಆನಿನಲ್ಲೇ ಇದೆ. ಇದನ್ನು ಹೇಳುವುದು ಉಸ್ತಾದರ ಕೆಲಸ. ಡಾಕ್ಟರು ಬೇಡ ಎಂದದ್ದಕ್ಕೆ ನಾವು "ಏನಾಗುವುದಿಲ್ಲ, ಹಿಡಿ" ಎನ್ನಬಾರದು. ಆಸ್ಪತ್ರೆಯವರೂ ಚಿಕಿತ್ಸೆಯ ತಾರೀಕು ಕೊಡುವ ಮುಂಚೆ ರಂಝಾನ್ ಯಾವಾಗ ಎಂದು ಕ್ಯಾಲೆಂಡರ್ ನೋಡಲಿ.

ಈಗ ನನಗೆ ಅತಿ ಕಳವಳದ ಸಂಗತಿ. ಬಿಎಂಐ ಎಂಬ ಅಳತೆ ಉಂಟು: ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವುದು. ಅಮೆರಿಕ ಮತ್ತು ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘಗಳು ಸೇರಿ 2024ರಲ್ಲಿ ಹೇಳಿದ್ದು ಇದು: ಬಿಎಂಐ 30ಕ್ಕೆ ಮೇಲಿದ್ದರೆ, ಅಥವಾ 27ರಿಂದ 30ರ ನಡುವೆ ಇದ್ದು ಜೊತೆಗೆ ಶುಗರ್, ಬಿಪಿಯಂಥ ಕಾಯಿಲೆ ಇದ್ದರೆ ಈ ಚಿಕಿತ್ಸೆ ಯೋಚಿಸಬಹುದು. 1.60 ಮೀಟರ್ ಎತ್ತರದ ಹೆಂಗಸಿಗೆ 30 ಎಂದರೆ 77 ಕೆಜಿ. ಈಗ ಅದೇ ಎತ್ತರದ, 66 ಕೆಜಿಯ, ಯಾವ ಕಾಯಿಲೆಯೂ ಇಲ್ಲದ 19ರ ಹುಡುಗಿಯನ್ನು ತಾಯಿ ಕರಕೊಂಡು ಬರ್ತಾಳೆ. ಹುಡುಗನ ಕಡೆಯವರು "ಸ್ವಲ್ಪ ದಪ್ಪ" ಎಂದಿದ್ದಾರೆ, ನಿಕಾಹ್‌ಗೆ ನಾಲ್ಕು ತಿಂಗಳುಂಟು. ಆಸ್ಪತ್ರೆ ಏನು ಮಾಡ್ತದೆ? ದುಡ್ಡು ಕೊಡಲು ತಂದೆ ತಯಾರಿದ್ದಾನೆ. ಆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ, ಒಬ್ಬರು ಹೆಂಗಸು ಕೌನ್ಸೆಲರ್ "ನಿನಗೆ ಇದು ಬೇಕಾ ಮಗಾ?" ಎಂದು ಕೇಳುವ ವ್ಯವಸ್ಥೆ ಇಲ್ಲದ ಕಡೆ ಈ ಚಿಕಿತ್ಸೆಯೇ ಇರಬಾರದು. ಬೇಡ ಎಂದು ವಾಪಸು ಕಳಿಸುವ ಧೈರ್ಯ ವಿಭಾಗಕ್ಕೆ ಬೇಕು. ಇನ್ನೊಂದು: ಬಲೂನು ಹೊಟ್ಟೆಯಲ್ಲಿರುವಾಗ ಗರ್ಭಿಣಿಯಾಗಬಾರದು. ಮದುವೆಗೆ ಮುಂಚೆ ಬಲೂನು ಹಾಕಿಸಿ, ಅದು ತೆಗೆಯುವ ಮೊದಲೇ ಮದುವೆ ಮಾಡಿಸುವವರಿಗೆ ಈ ಮಾತನ್ನು ಯಾರು ಹೇಳ್ತಾರೆ?

ಖರ್ಚಿನ ವಿಷಯದಲ್ಲಿ ಒಂದು ವಿಚಿತ್ರ ಉಂಟು. ನಮ್ಮ ದೇಶದ ವಿಮಾ ನಿಯಮದ ಪ್ರಕಾರ ಬೊಜ್ಜಿನ ಚಿಕಿತ್ಸೆಗೆ ಕ್ಲೈಮ್ ಸಿಗಬೇಕಾದರೆ ಬಿಎಂಐ 40 ಆಗಿರಬೇಕು, ಇಲ್ಲವೇ 35 ಆಗಿದ್ದು ಹತೋಟಿಗೆ ಬಾರದ ಮಧುಮೇಹ, ಹೃದಯದ ಕಾಯಿಲೆಯಂಥದ್ದು ಇರಬೇಕು. 1.70 ಮೀಟರ್ ಎತ್ತರದ 100 ಕೆಜಿಯ ಮನುಷ್ಯನ ಬಿಎಂಐ 34.6. ಈ ಚಿಕಿತ್ಸೆಗೆ ಹೇಳಿ ಮಾಡಿಸಿದವನು ಅವನೇ, ಆದರೆ ವಿಮೆಯ ಗೆರೆಯಿಂದ ಹೊರಗೆ. ಇನ್ನೊಂದೆರಡು ಕೆಜಿ ಹೆಚ್ಚಿಸಿಕೊಂಡು ಬಾ, ಶುಗರ್ ಏರಲಿ, ಆಮೇಲೆ ನೋಡೋಣ ಎಂದಂತಾಯಿತು. ಪರಿಣಾಮ ಏನು? ದುಡ್ಡಿರುವವರು ಕೈಯಿಂದ ಹಾಕಿ ಮಾಡಿಸಿಕೊಳ್ಳುತ್ತಾರೆ, ಬೀಡಿ ಕಟ್ಟುವವಳು ಮಂಡಿ ಹಿಡಿದುಕೊಂಡು ಕೂರ್ತಾಳೆ. ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯಲ್ಲಿ ದರಪಟ್ಟಿ ಪ್ರದರ್ಶಿಸಬೇಕು ಎಂದಿದೆ. ಬಲೂನಿನ ದರ ಬರೆಯುವಾಗ ತೆಗೆಯುವ ಖರ್ಚು, ಒಂದು ವರ್ಷದ ಡಯಟೀಶಿಯನ್ ಭೇಟಿ, ತೊಂದರೆಯಾದರೆ ಮತ್ತೆ ದಾಖಲಾಗುವ ಖರ್ಚು ಸೇರಿಸಿಯೇ ಬರೆಯಲಿ. ಹಾಕುವುದಕ್ಕೆ ಒಂದು ದರ, ತೆಗೆಯುವಾಗ ಇನ್ನೊಂದು ಎಂದಾದರೆ ತೆಗೆಸಲು ಬರುವವರೇ ಕಡಿಮೆಯಾಗ್ತಾರೆ.

ಇನ್ನು ಒಂದಷ್ಟು ದಿನಕ್ಕೆ ನಮ್ಮ ಸಹಾಯ ಸಂಘಗಳಿಗೂ ಈ ಅರ್ಜಿಗಳು ಬರಲು ಶುರುವಾಗ್ತವೆ. ಕಿಡ್ನಿಗೆ, ಕ್ಯಾನ್ಸರಿಗೆ ಗ್ರೂಪಿನಲ್ಲಿ ಹಣ ಕೂಡಿಸುವ ನಮ್ಮ ಹುಡುಗರ ಬಗ್ಗೆ ನನಗೆ ತುಂಬು ಗೌರವ. ಆದರೆ ಬಲೂನಿಗೆ ಹಣ ಕೂಡಿಸುವ ಬದಲು ಅದೇ ದುಡ್ಡಲ್ಲಿ ತಿಂಗಳಿಗೊಮ್ಮೆ ಜಮಾಅತ್ ಹಾಲ್‌ನಲ್ಲಿ ಒಬ್ಬ ಡಯಟೀಶಿಯನ್, ಒಂದು ತೂಕದ ಯಂತ್ರ, ಶುಗರ್ ಪರೀಕ್ಷೆ ಇಡಬಹುದು. ನೂರು ಮಂದಿಗೆ ಪ್ರಯೋಜನ. ವೆನ್ಲಾಕ್‌ನಂಥ ಸರಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನದ ತೂಕದ ಕ್ಲಿನಿಕ್ ಇರಲಿ ಎಂದು ಮನವಿ ಕೊಡಬಹುದು. ಅಲ್ಲಿ ಹೊಲಿಗೆ ಯಂತ್ರ ಬೇಕಿಲ್ಲ. ಯಾರಿಗೆ ಮಾತ್ರೆ ಸಾಕು, ಯಾರಿಗೆ 2025ರಲ್ಲಿ ನಮ್ಮ ದೇಶಕ್ಕೆ ಬಂದ ಹೊಸ ಇಂಜೆಕ್ಷನ್, ಯಾರಿಗೆ ಹೊಲಿಗೆ, ಯಾರಿಗೆ ಪೂರ್ತಿ ಸರ್ಜರಿ ಎಂದು ಹೇಳುವ, ಮಾರಲು ತನ್ನಲ್ಲಿ ಏನೂ ಇಲ್ಲದ ಒಬ್ಬ ಡಾಕ್ಟರು ಸಾಕು.

ವಿಭಾಗದ ಉದ್ಘಾಟನೆ ಆಗುವಾಗ ವೇದಿಕೆಯಲ್ಲಿ ನಮ್ಮ ಮುಖಂಡರೂ ಇರ್ತಾರೆ, ಶಾಲು ಹಾಕಿಸಿಕೊಳ್ತಾರೆ, ಫೋಟೋ ಈ ಪುಟದಲ್ಲೇ ಬರಬಹುದು. ಅವರಲ್ಲಿ ನನ್ನದೊಂದು ಕೋರಿಕೆ. ರಿಬ್ಬನ್ ಕತ್ತರಿಸುವ ಮೊದಲು ಆಡಳಿತದವರನ್ನು ಪಕ್ಕಕ್ಕೆ ಕರೆದು ಕೇಳಿ: ಇಲ್ಲಿ ಹೊಲಿಗೆ ಹಾಕುವ ಡಾಕ್ಟರು ಇದುವರೆಗೆ ಎಷ್ಟು ಮಾಡಿದ್ದಾರೆ? ರಾತ್ರಿ ಎರಡು ಗಂಟೆಗೆ ವಾಂತಿ ನಿಲ್ಲದೆ ಬಂದವರನ್ನು ನೋಡುವುದು ಯಾರು? ಕಳೆದ ತಿಂಗಳು ಎಷ್ಟು ಮಂದಿಯನ್ನು "ನಿಮಗೆ ಇದು ಬೇಡ" ಎಂದು ವಾಪಸು ಕಳಿಸಿದ್ದೀರಿ ಎಂದು ಮುಂದಿನ ವರ್ಷ ನಾವು ಕೇಳಿದರೆ ಲೆಕ್ಕ ಕೊಡ್ತೀರಾ? ಮತ್ತೆ, ದಮ್ಮಾಮಿನಲ್ಲಿ ಕೂತವನ ಮೂತ್ರ ಒಂದು ಬೆಳಗ್ಗೆ ಹಸಿರಾದರೆ, ಅವನು ಕರೆ ಮಾಡಬೇಕಾದ ನಂಬರ್ ಯಾವುದು?